ಕೊನೆಯ ಸೀಸೆಯಲ್ಲಿದ್ದದ್ದು

"ಅದರಲ್ಲಿ ಕಾರ್ಟಿಸೋಲ್ ಇಲ್ಲ ಮಾವ. ಬರೆದುಕೊಳ್ಳಿ."

ಮಾವ ಅಂದರೆ ಅಮ್ಮನ ತಮ್ಮ. ಈ ಲ್ಯಾಬಿನ ಯಜಮಾನರೂ ಅವರೇ. ನನ್ನ ಸೆನ್ಸರ್ ಇವತ್ತು ತಪ್ಪು ಹೇಳಿದರೆ ಅದನ್ನು ಅಲ್ಲಿಗೇ ಬಿಟ್ಟು ಮೇಲಿನ ಆಫೀಸಿನಲ್ಲಿ ಬಿಲ್ ಬರೆಯಬೇಕು ಎಂದು ಮನೆಯವರೆಲ್ಲರ ಮುಂದೆ ಹೇಳಿದ್ದರು. ನಾನೂ ಜಂಬದಿಂದ ಒಪ್ಪಿದ್ದೆ.

ಕೆಲಸ ಇಷ್ಟೇ. ಸಾಲಾಗಿಟ್ಟ ಸೀಸೆಗಳಲ್ಲಿ ಯಾವುದರಲ್ಲಿ ಕಾರ್ಟಿಸೋಲ್ ಇದೆ, ಯಾವುದರಲ್ಲಿ ಇಲ್ಲ ಎಂದು ನನ್ನ ಸೆನ್ಸರ್ ಹೇಳಬೇಕು. ಕಾರ್ಟಿಸೋಲ್ ಎಂಬುದು ಒತ್ತಡದಲ್ಲಿ ಏರುವ ಹಾರ್ಮೋನ್. ಎಲೆಕ್ಟ್ರೋಡ್ ಮೇಲೆ ಅದರ ಅಣುಗಳ ಸುತ್ತ ಪಾಲಿಮರ್ ಬೆಳೆಸಿ, ಅಣುಗಳನ್ನು ತೊಳೆದು ತೆಗೆದರೆ ಅವುಗಳ ಅಚ್ಚು ಉಳಿಯುತ್ತದೆ. ಮತ್ತೆ ಅದೇ ಅಣು ಬಂದು ಕೂತರೆ ಕರೆಂಟ್ ಇಳಿಯುತ್ತದೆ. ಕೊನೆಯ ಸೀಸೆಗೆ ಇಳಿಯಲಿಲ್ಲ.

"ಪರೀಕ್ಷೆಗೆ ಅಂತ ಬರೀ ನೀರು ಯಾರಮ್ಮ ಕೊಡ್ತಾರೆ? ಇನ್ನೊಂದ್ಸಲ ಮಾಡು."

"ಮಾಡಲ್ಲ. ನಿಮಗೆ ಬೇಕಾದ ಉತ್ತರ ಒಪ್ಪಿಸೋಕೆ ನಾನೇನು ಗಿಣಿಯಾ?"

ಮೂಲೆಯಲ್ಲಿದ್ದ ಕೆಮಿಸ್ಟ್ ಕಡೆ ನೋಡಿದೆ. ಸೀಸೆಗಳನ್ನು ತುಂಬಿ ಗುಟ್ಟಾಗಿಟ್ಟವರು ಅವರೇ. ದಿನಾ ನನ್ನ ಎಲೆಕ್ಟ್ರೋಡನ್ನು ಬೆಳಕಿಗೆ ಹಿಡಿದು "ಗೀರು ಕಾಣ್ತಿದೆ ಮೇಡಂ" ಎಂದು ಕೆಣಕಿ, ನಾನು ದುರುಗುಟ್ಟಿದರೆ ತುಟಿಯ ಒಂದೇ ತುದಿಯಲ್ಲಿ ನಗುವವರು. ಆ ನಗುವಿಗಾಗಿಯೇ ಒಮ್ಮೊಮ್ಮೆ ಗೀರು ಉಳಿಸಿದ್ದೇನೆ. ಇವತ್ತು ಅವರ ಹಣೆಯಲ್ಲಿ ಬೆವರು ಬಿಟ್ಟರೆ ಮುಖದಲ್ಲಿ ಏನೂ ಇರಲಿಲ್ಲ. ಒಂದು ಕಣ್ಸನ್ನೆ ಸಾಕಿತ್ತು. ಪುಣ್ಯಾತ್ಮ ಮಾಡಲಿಲ್ಲ.

"ಇದೇ ನಿನ್ನ ಕೊನೇ ಮಾತಾ?" ಎಂದರು ಮಾವ.

"ಇದೇ. ಸೋತರೆ ನಾಳೆಯಿಂದ ಬಿಲ್ ಬರೀತೀನಿ. ಸುಳ್ಳು ಮಾತ್ರ ಬರೆಯಲ್ಲ."

ಮಾವ ಬರೆದುಕೊಂಡ ಮೇಲಷ್ಟೇ ಕೆಮಿಸ್ಟ್ ಬಾಯಿ ಬಿಟ್ಟರು. "ಅದರಲ್ಲಿದ್ದದ್ದು ಕಾರ್ಟಿಸೋನ್, ಸರ್. ನೋಡೋಕೆ ಹೆಚ್ಚುಕಮ್ಮಿ ಕಾರ್ಟಿಸೋಲ್ ಥರಾನೇ ಇರೋ ಅಣು. ಸೆನ್ಸರ್ ಮೋಸ ಹೋಗುತ್ತಾ ನೋಡೋಣ ಅಂತ ನಾನೇ ಹಾಕಿದ್ದೆ. ಉಳಿದ ಸೀಸೆಗಳದ್ದೂ ಎಲ್ಲಾ ಸರಿ ಹೇಳಿದ್ದಾರೆ."

ಕುಣಿಯಬೇಕಿತ್ತು. ನಾನು ಅವರ ಮೇಲೇ ಹರಿಹಾಯ್ದೆ.

"ನನ್ನನ್ನೇ ಸಿಕ್ಕಿಹಾಕಿಸೋಕೆ ನೋಡಿದ್ರಾ?"

"ನೀವು ಸಿಕ್ಕಿಹಾಕೊಳ್ಳಲ್ಲ ಅಂತ ಗೊತ್ತಿತ್ತು."

"ಗೊತ್ತಿದ್ದೋರು ಹಾಗ್ಯಾಕೆ ಬೆವರ್ತಿದ್ರಿ?"

ಅವರ ಕಿವಿ ಕೆಂಪಾಯಿತು. "ನೀವು ಆಫೀಸಿಗೆ ಹೋಗಿಬಿಟ್ರೆ ನಾನು ದಿನಾ ಯಾರ ಹತ್ರ ಬೈಸ್ಕೊಳ್ಳಲಿ? ಸನ್ನೆ ಮಾಡಬಹುದಿತ್ತು. ಆದ್ರೆ ನಿಮ್ಮ ಗೆಲುವಲ್ಲಿ ನನ್ನ ಕೈವಾಡ ಇದೆ ಅಂತ ಆಮೇಲೆ ಯಾರೂ ಅನ್ನಬಾರದು."

ಈ ಮನುಷ್ಯನೆಂದರೆ ನನಗೆ ಪ್ರಾಣ. ಇನ್ನು ಮುಚ್ಚಿಡುವುದೇಕೆ?

ಮಾವ ಕೆಮ್ಮಿದರು. "ನಾನಿನ್ನೂ ಇಲ್ಲೇ ಇದ್ದೀನಮ್ಮ."

"ಇರಿ ಮಾವ, ಒಳ್ಳೇದೇ ಆಯ್ತು. ಅಮ್ಮ ನನಗೆ ಗಂಡು ಹುಡುಕೋದನ್ನ ಇವತ್ತಿಗೇ ನಿಲ್ಲಿಸಲಿ. ನಾನು ಇವರನ್ನೇ ಮದುವೆಯಾಗೋದು. ನೀವು ಹೇಳ್ತೀರೋ, ನಾನೇ ಹೇಳ್ಲೋ?"

"ನನ್ನನ್ನ ಒಂದ್ಮಾತು ಕೇಳಲ್ವಾ?" ಎಂದರು ಕೆಮಿಸ್ಟ್.

"ಯಾಕೆ, ಬೇಡ ಅಂತೀರಾ?"

"ಅಯ್ಯೋ, ಎಲ್ಲಾದ್ರೂ ಉಂಟಾ!"

"ಮತ್ತೆ ಸುಮ್ನಿರಿ" ಎಂದು ಅವರ ಕೈ ಹಿಡಿದುಕೊಂಡೆ, ಮಾವನ ಕಣ್ಣೆದುರೇ.