ಗುಂಡವ್ವ ಹೊರಗಿದ್ದಾಗ ಬಾಗಿಲು ತೆಗೆಯಬಾರದು

"ನಿಮಗ ಒಂದು ಮಾತು ಹೇಳೋದೈತಿ," ಎಂದು ವಿನಾಯಕ ಶುರುಮಾಡುವುದು, ಪ್ರಾಜಕ್ತಾ ಉಸಿರು ಬಿಗಿಹಿಡಿದು ಕಾಯುವುದು, ಕೊನೆಗೆ ಅವನು "ನಿಮ್ಮ ನಲ್ಲಿ ಸೋರಾಕತ್ತೈತಿ ನೋಡ್ರಿ" ಎಂದು ಮುಗಿಸುವುದು. ಎರಡು ವರ್ಷದಿಂದ ಇದೇ ನಡೆದಿತ್ತು. ನಲ್ಲಿಯಾಯಿತು, ಗ್ಯಾಸ್ ಸಿಲಿಂಡರ್ ಆಯಿತು, ಅವಳ ಸ್ಕೂಟಿಯ ಹಿಂದಿನ ಟಯರ್ ಆಯಿತು. ಆ ಒಂದು ಮಾತು ಮಾತ್ರ ಆಗಲೇ ಇಲ್ಲ.

ಇವತ್ತು ಕೊನೆಯ ದಿನ. ಅಪ್ಪ ಹನುಮಂತರಾಯರು ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ಹೈದರಾಬಾದಿನ ಲಿಂಗಂಪಲ್ಲಿಯ ಕ್ವಾರ್ಟರ್ಸ್ ಖಾಲಿ ಮಾಡಿ ಗಚ್ಚಿಬೌಲಿಯ ಹೊಸ ಫ್ಲ್ಯಾಟಿಗೆ ಹೋಗಬೇಕಿತ್ತು. ಅಲ್ಲಿಂದ ಅವಳ ಆಫೀಸು ಹತ್ತೇ ನಿಮಿಷ. ಟೀಮಿನವರೆಲ್ಲ "ಲಕ್ಕಿ" ಎಂದರು. ಪಕ್ಕದ ಕ್ವಾರ್ಟರ್ಸಿನ ನೀಲಿ ಬಾಗಿಲು ಅಲ್ಲಿಂದ ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ.

ಆ ನೀಲಿ ಬಾಗಿಲಿನ ಹಿಂದೆ ವಿನಾಯಕ ಅಣ್ಣನ ಜೊತೆ ಇದ್ದ. ರಾಯಚೂರಿನವನು, ಸನತ್‌ನಗರದ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಡಿಸೈನ್ ಎಂಜಿನಿಯರ್. ಏನನ್ನಾದರೂ ಅಳತೆ ಮಾಡದೆ ಮುಟ್ಟದ ಮನುಷ್ಯ. ಇಬ್ಬರ ಪರಿಚಯವಾದದ್ದು ಒಂದು ಬೆಕ್ಕಿನಿಂದ.

ಪ್ರಾಜಕ್ತಾ ಸಾಕಿದ ಆ ಬೆಕ್ಕಿನ ಹೆಸರು ಗುಂಡವ್ವ. ಬೂದಿ ಬಣ್ಣ, ಪಟ್ಟೆ ಬಾಲ, ಕಾಲೊನಿಯ ಎಲ್ಲ ಅಡುಗೆಮನೆಗಳ ಹಾಲಿನ ಲೆಕ್ಕ ಅದಕ್ಕೆ ಗೊತ್ತು. ಎರಡು ವರ್ಷದ ಹಿಂದೆ ಯಾರೋ ಅದನ್ನು ಗೋಣಿಚೀಲದಲ್ಲಿ ತುಂಬಿ ಎಲ್ಲೋ ಬಿಟ್ಟುಬಂದಿದ್ದರು. ಹಾಲು ಕದಿಯುವ ಬೆಕ್ಕಿಗೆ ಕಾಲೊನಿಯಲ್ಲಿ ಅದೇ ಶಿಕ್ಷೆ. ಚೀಲಕ್ಕೆ ಹಾಕು, ದಾರಿ ಮರೆಯಲಿ ಎಂದು ಮೂರು ಸುತ್ತು ತಿರುಗಿಸು, ರೈಲು ಹಳಿಯ ಆಚೆ ಬಿಟ್ಟು ಬಾ.

ಅವತ್ತು ಪ್ರಾಜಕ್ತಾ ಮೊದಲು ತಟ್ಟಿದ್ದು ನೀಲಿ ಬಾಗಿಲನ್ನೇ. "ನಮ್ಮ ಬೆಕ್ಕು ನೋಡೀರೇನ್ರಿ?" ಎಂದು ಕೇಳುವಾಗಲೇ ಅವಳ ಕಣ್ಣು ತುಂಬಿತ್ತು. ವಿನಾಯಕನ ಮುಖ ಬಿಳಿಚಿತು. ಚಪ್ಪಲಿ ಮೆಟ್ಟಿ ಹೊರಟವನು ಮೂರು ದಿನ ಅವಳಿಗಿಂತ ಹೆಚ್ಚು ಹುಡುಕಿದ. ನಾಲ್ಕನೆಯ ದಿನ ಬೆಳಗ್ಗೆ, ಹಾಲು ಬರುವ ಹೊತ್ತಿಗೆ, ಗುಂಡವ್ವ ತಾನೇ ಹಿತ್ತಿಲ ಬಾಗಿಲಲ್ಲಿ ಕೂತಿತ್ತು. ಎಲುಬು ಎಣಿಸಬಹುದಿತ್ತು, ಉಗುರಲ್ಲಿ ಗೋಣಿಯ ನಾರು. ಪ್ರಾಜಕ್ತಾಗೆ ಬೈಯಬೇಕು, ಅಳಬೇಕು ಎಲ್ಲ ಅನಿಸಿತು. ಬಾಯಿಂದ ಬಂದದ್ದು ಇಷ್ಟೇ: "ಬಂದಿ? ಬಾ, ಹಾಲು ಕುಡಿ."

ಅಮ್ಮ ವನಜಾ ಶೇಂಗಾ ಹೋಳಿಗೆ ಮಾಡಿ, ಹುಡುಕಿದ ಪುಣ್ಯಾತ್ಮನಿಗೆ ಕಳಿಸಿದಳು. ಅವನು ತಲೆ ತಗ್ಗಿಸಿಕೊಂಡು ಒಂದೇ ಒಂದು ತಿಂದ. ಆ ತಗ್ಗಿದ ತಲೆಯನ್ನು ನಾಚಿಕೆಯೆಂದುಕೊಂಡು ಪ್ರಾಜಕ್ತಾ ಮನಸ್ಸು ಕೊಟ್ಟುಬಿಟ್ಟಳು.

ಗುಂಡವ್ವನಿಗೆ ಅಂದಿನಿಂದ ಚೀಲ ಕಂಡರೆ ಜೀವ ಹೋಗುತ್ತಿತ್ತು. ಹಾಗಾಗಿ ಮನೆ ಬದಲಿಸುವ ಮಾತು ಬಂದಾಗ ವಿನಾಯಕನೇ ಒಂದು ಪೆಟ್ಟಿಗೆ ಮಾಡಿದ. ತೆಳು ಪ್ಲೈವುಡ್ಡು, ಗಾಳಿಗೆ ಜಾಲರಿ, ಮೇಲೆ ಮುಚ್ಚಳ. ಅವಳ ಹಳೆಯ ದುಪಟ್ಟಾ ಹಾಸಿ ಒಂದು ತಿಂಗಳು ವರಾಂಡದಲ್ಲಿ ತೆರೆದಿಟ್ಟ. ಬೆಕ್ಕು ಅದರಲ್ಲಿ ಮಲಗಿ ರೂಢಿಯಾಗಲಿ ಎಂದು. ಫ್ಯಾಕ್ಟರಿ ಮಾಲೀಕ ಉಪೇಂದ್ರ ಅವರ ಹಳೇ ಮಾರುತಿಯನ್ನು ಒಂದು ದಿನಕ್ಕೆ ಕೇಳಿ ತಂದ. ಬಿಸಿಲೇರುವ ಮುಂಚೆ, ಆರಕ್ಕೇ ಬೆಕ್ಕನ್ನು ಸಾಗಿಸುವುದು ಅವನ ಪ್ಲ್ಯಾನು.

ಪ್ಲ್ಯಾನು ಕೇಳಲು ಗುಂಡವ್ವನೇನು ಅವನ ಫ್ಯಾಕ್ಟರಿಯ ನೌಕರಳೇ? ಲಾರಿ ಸದ್ದಿಗೆ ಅಟ್ಟ ಹತ್ತಿದ ಬೆಕ್ಕು ಇಳಿದದ್ದು ಏಳೂಮುಕ್ಕಾಲಿಗೆ. ಅಷ್ಟರಲ್ಲಿ ಸೋಮವಾರದ ರಾಹುಕಾಲ ಹತ್ತಿತ್ತು. ಅಮ್ಮನನ್ನು ಕರೆದುಕೊಂಡು ಲಾರಿಯ ಜೊತೆ ಮುಂದೆ ಹೋಗಿದ್ದ ಅಪ್ಪ ಫೋನಿನಲ್ಲಿ, "ಒಂಬತ್ತರ ತನಕ ಹೊಸಲು ದಾಟಬ್ಯಾಡ್ರಿ" ಎಂದು ಅಪ್ಪಣೆ ಕೊಟ್ಟರು. ಒಂಬತ್ತಕ್ಕೆ ಹೊರಟರೆ ಗಚ್ಚಿಬೌಲಿ ರಸ್ತೆಯಲ್ಲಿ ಏನಿರುತ್ತದೆ ಎಂದು ರಾಹುವಿಗೇನು ಗೊತ್ತು. ಹೈದರಾಬಾದಿನ ಸಾಫ್ಟ್‌ವೇರ್ ಪೂರ್ತಿ ಕ್ವಾಲಿಸ್ ಕ್ಯಾಬುಗಳಲ್ಲಿ ಕೂತು ಹಾರ್ನ್ ಹೊಡೆಯುತ್ತಿತ್ತು.

ಹಿಂದಿನ ಸೀಟಿಗೆ ಪೆಟ್ಟಿಗೆಯನ್ನು ಬೆಲ್ಟಿನಿಂದ ಬಿಗಿದು, ಪಕ್ಕದಲ್ಲಿ ಪ್ರಾಜಕ್ತಾಳನ್ನು ಕೂರಿಸಿದ್ದ. ಕಿಟಕಿ ಎರಡು ಬೆರಳಷ್ಟು ಮಾತ್ರ ಇಳಿದಿತ್ತು. ಏಸಿ ಇಲ್ಲ. ಬೇಸಿಗೆಯ ಬಿಸಿಲು. ಗುಂಡವ್ವ ರಾಗ ಬದಲಿಸದೆ ಒಂದೇ ಸಮನೆ ಅಳುತ್ತಿತ್ತು.

"ಪೆಟ್ಟಿಗಿ ಮ್ಯಾಲ ಅರಬಿ ಹಾಕ್ರಿ. ಕತ್ತಲಿದ್ರ ಸುಮ್ಮನಾಗ್ತೈತಿ."

"ಹಾಕೀನಿ. ಆಗವಲ್ದು."

"ಮುಂಜಾನೆ ಏನರ ತಿನ್ನಿಸೀರೇನು?"

"ನೀವು ಬ್ಯಾಡಂದ್ರಲ್ಲ, ವಾಂತಿ ಮಾಡ್ತೈತಿ ಅಂತ. ನಾನೂ ತಿಂದಿಲ್ಲ."

ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನು ನೋಡಿ ನಕ್ಕಿತು, ಅವಳು ನೋಡಿದೊಡನೆ ರಸ್ತೆಗೆ ಓಡಿತು. ಕಿವಿಯ ತುದಿ ಕೆಂಪಾದದ್ದು ಮಾತ್ರ ಓಡಲಿಲ್ಲ. ಆ ಕಿವಿಯನ್ನು ಹಿಂದಿನಿಂದ ಇಷ್ಟು ಹತ್ತಿರ ಅವಳು ನೋಡಿರಲಿಲ್ಲ. ಹಿಡಿದು ತಿರುಚಬೇಕೆನಿಸಿತು, ಸಿಟ್ಟಿಗೋ ಪ್ರೀತಿಗೋ ಅವಳಿಗೇ ತಿಳಿಯದು.

ಕಾರು ಪೂರ್ತಿ ನಿಂತಿತು. ಕನ್ನಡಿಯ ಕಣ್ಣು ಮತ್ತೆ ಅವಳಿಗೆ ಬಂತು. "ಪ್ರಾಜಕ್ತಾ, ನಿಮಗ ಒಂದು ಮಾತು ಹೇಳೋದೈತಿ."

"ಹೇಳ್ರಿ."

"ಅದು..." ಹಿಂದಿನ ಕ್ವಾಲಿಸ್ ಹಾರ್ನ್ ಹೊಡೆಯಿತು. ಕಾರು ಮೂರಡಿ ಮುಂದೆ ಹೋಗಿ ಮತ್ತೆ ನಿಂತಿತು. "ಅರಬಿ ಒಂಚೂರು ಸರದೈತಿ ನೋಡ್ರಿ."

ಪ್ರಾಜಕ್ತಾಗೆ ತಲೆ ಕೆಟ್ಟಿತು. ಬಟ್ಟೆ ಸರಿಮಾಡುವ ಬದಲು ಮುಚ್ಚಳದ ಕೊಂಡಿಯನ್ನೇ ಎತ್ತಿದಳು. ಬೆಕ್ಕಿಗಾದರೂ ತನ್ನ ಕೈ ಸಿಗಲಿ, ಎಂದುಕೊಂಡಳು. "ತಗೀಬ್ಯಾಡ್ರಿ" ಎಂದು ಅವನು ಹೇಳಿ ಮುಗಿಸುವುದರೊಳಗೆ ಗುಂಡವ್ವ ಹಾರಿ, ಅವನ ಭುಜ ಪರಚಿ, ಬ್ರೇಕಿನ ಕೆಳಗೆ ಹೋಗಿ ಕೂತಿತು.

ವಿನಾಯಕ ಎರಡೂ ಕಾಲು ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿದ. ಪಕ್ಕದ ಆಟೋದವನು ಬಗ್ಗಿ ನೋಡಿ, "ಕ್ಯಾ ಹುವಾ ಭಾಯ್, ಗಾಡಿ ಬಾಜೂ ಲೇಲೋ" ಎಂದ. ಬದಿಗೆ ತೆಗೆದುಕೊಳ್ಳಲು ಬ್ರೇಕಿಗೆ ಕಾಲಿಡಬೇಕಲ್ಲ.

"ಎಷ್ಟು ಅಂಜೈತಿ ನೋಡ್ರಿ," ಎಂದಳು ಪ್ರಾಜಕ್ತಾ. "ಅವತ್ತ ಇದನ್ನ ಚೀಲಕ್ಕ ಹಾಕಿದವರ ಕೈ ಸೇದಿಹೋಗಲಿ."

ವಿನಾಯಕ ತನ್ನ ಎರಡು ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ನೋಡಿಕೊಂಡ. "ಈ ಕೈನ. ನಾನ ಹಾಕಿದ್ದು."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಹಾಲು ಕುಡೀತಿತ್ತು. ಎಲ್ಲಾರೂ ಹಂಗ ಮಾಡ್ತಾರಂದ್ರು, ನಾನೂ ಮಾಡಿದೆ. ಮೂರು ಸುತ್ತು ತಿರುಗಿಸಿ ಸ್ಟೇಷನ್ ಹಿಂದ ಬಿಟ್ಟೆ. ಸಂಜೀಕ ನೀವು ಬಂದು ಬಾಗಲಾ ಬಡದ್ರಿ. ಅವತ್ತ ನಿಮ್ಮ ಮಾರಿ ಮೊದಲನೇ ಸಲ ಸರಿಯಾಗಿ ನೋಡಿದೆ."

"ನನ್ನ ಜೋಡಿ ಮೂರು ದಿನ ಹುಡುಕಿದ್ರಿ."

"ಹೌದು."

"ಹೋಳಿಗಿ ತಿಂದ್ರಿ."

"ಅದು ಇನ್ನೂ ಗಂಟಲದಾಗ ಐತಿ." ಅವನು ಕನ್ನಡಿ ನೋಡಲಿಲ್ಲ. "ನೀವಂದ್ರ ನನಗ ಜೀವ. ಅದನ್ನ ಹೇಳಬೇಕಂದ್ರ ಮೊದಲ ಇದನ್ನ ಹೇಳಬೇಕಿತ್ತು. ಇದನ್ನ ಹೇಳಿದ್ರ ಅದನ್ನ ಕೇಳಾಕ ನೀವು ನಿಂದರತಿರಲಿಲ್ಲ. ಅದಕ್ಕ ನಲ್ಲಿ ಬಗ್ಗೆ ಮಾತಾಡತಿದ್ದೆ."

ಎರಡು ವರ್ಷ ಕಾದ ಮಾತು ಕೊನೆಗೂ ಬಂದಿತ್ತು, ಬರಬಾರದ ಮಾತಿನ ಬೆನ್ನು ಹತ್ತಿ. ಪ್ರಾಜಕ್ತಾಗೆ ಆ ಕಾರಿನಲ್ಲಿ ಇನ್ನೊಂದು ನಿಮಿಷ ಇರಲಾಗದೆನಿಸಿತು. ತನ್ನ ಬದಿಯ ಬಾಗಿಲ ಹಿಡಿಗೆ ಕೈ ಹಾಕಿದಳು.

"ಬಾಗಲಾ ತಗೀಬ್ಯಾಡ್ರಿ," ಎಂದ ಅವನು ಮೆಲ್ಲಗೆ. "ಗುಂಡವ್ವ ಹೊರಗೈತಿ. ರೋಡಿಗೆ ಜಿಗೀತೈತಿ."

ಮಾತು ಖರೆ. ಆ ಮನುಷ್ಯನನ್ನು ಬಿಟ್ಟು ಹೋಗಲೂ ಆಗದ ಹಾಗೆ ಒಂದು ಬೆಕ್ಕು ಅವಳನ್ನು ಮಾರುತಿಯಲ್ಲಿ ಕೂಡಿಹಾಕಿತ್ತು. ಪ್ರಾಜಕ್ತಾ ಸೀಟಿಗೆ ಒರಗಿ, ಮುಖ ಕಿಟಕಿಗೆ ತಿರುಗಿಸಿ, ಅತ್ತಳು. ಹಾರ್ನುಗಳು ಅಳುವನ್ನು ಮುಚ್ಚಿದವು. ವಿನಾಯಕ ಕಾಲೆತ್ತಿಕೊಂಡೇ ಕೂತಿದ್ದ, ಪರಚಿದ ಭುಜದಿಂದ ರಕ್ತ ಅಂಗಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಕೊನೆಗೆ ಅವಳೇ ಪೆಟ್ಟಿಗೆಯೊಳಗಿನ ದುಪಟ್ಟಾ ತೆಗೆದು, ಮುಂದಿನ ಖಾಲಿ ಸೀಟಿನ ಮೇಲೆ ಬಗ್ಗಿ, ಅವನ ಕಾಲ ಕೆಳಗೆ ಚಾಚಿದಳು. ತನ್ನ ವಾಸನೆ ಹಿಡಿದು ಗುಂಡವ್ವ ಇಂಚಿಂಚಾಗಿ ಬಂತು. ಸುತ್ತಿ, ಎತ್ತಿ, ಪೆಟ್ಟಿಗೆಗಿಟ್ಟು, ಕೊಂಡಿ ಹಾಕಿದಳು. ಆಮೇಲೆ ಬಾಗಿಲು ತೆಗೆಯಬಹುದಿತ್ತು. ಬಿಸಿಲಿನಲ್ಲಿ ಪೆಟ್ಟಿಗೆ ಹೊತ್ತು ಎಲ್ಲಿಗೆ ಹೋಗುವುದು ಎಂದು ತನಗೆ ತಾನೇ ನೆಪ ಹೇಳಿಕೊಂಡು ಕೂತಳು.

ಫ್ಲ್ಯಾಟಿನ ಬಳಿ ವಾಚ್‌ಮನ್, "ಲಿಫ್ಟ್ ಪನಿಚೇಯಟ್ಲೇದಮ್ಮಾ" ಎಂದ. ಲಿಫ್ಟೂ ಸೇರಿ ಎಲ್ಲ ಇವತ್ತೇ ಕೈಕೊಡಬೇಕಿತ್ತು. ವಿನಾಯಕ ಪೆಟ್ಟಿಗೆ ಅಲುಗದಂತೆ ಎದೆಗವಚಿ ಮೆಟ್ಟಿಲು ಹತ್ತಿದ. ಮೂರನೆಯ ಮಹಡಿಯ ತಿರುವಿನಲ್ಲಿ ಪ್ರಾಜಕ್ತಾ ನಿಂತಳು.

"ಮೂರು ದಿನ ನನ್ನ ಗುಂಡವ್ವ ಎಲ್ಲೈತಿ ಅಂತ ನನಗ ಗೊತ್ತಿರಲಿಲ್ಲ. ನಿಮಗೂ ಮೂರು ದಿನ ನನ್ನ ಸುದ್ದಿ ಗೊತ್ತಾಗಬಾರದು. ಫೋನ್ ಇಲ್ಲ, ಮೆಸೇಜ್ ಇಲ್ಲ."

"ಆಮ್ಯಾಲ?"

"ಆಮ್ಯಾಲ ನನಗೂ ಗೊತ್ತಿಲ್ಲ."

ಅವನು ತಲೆಯಾಡಿಸಿದ. ನಾಲ್ಕನೆಯ ಮಹಡಿಯ ಬಾಗಿಲಲ್ಲಿ ಪೆಟ್ಟಿಗೆ ಇಳಿಸಿ, "ಮೊದಲ ಒಂದ ಖೋಲಿಯೊಳಗ ಇಡ್ರಿ, ಪೆಟ್ಟಿಗಿ ಬಾಗಲಾ ತಗದಿಟ್ಟು," ಎಂದು ಹೇಳಿ ಇಳಿದುಹೋದ.

ಮಂಗಳವಾರ ಅವಳು ಫೋನನ್ನು ನೋಡಲಿಲ್ಲ. ಬುಧವಾರ ಹದಿನಾಲ್ಕು ಸಲ ನೋಡಿದಳು. ಗುರುವಾರ ಸಿಗ್ನಲ್ ಇಲ್ಲವೇನೋ ಎಂದು ಅಪ್ಪನ ಫೋನಿನಿಂದ ತನಗೇ ಮಿಸ್ಡ್ ಕಾಲ್ ಕೊಟ್ಟಳು. ಚೆನ್ನಾಗಿಯೇ ರಿಂಗಾಯಿತು. ಹೇಳಿದ್ದನ್ನು ಹೇಳಿದ ಹಾಗೆ ಕೇಳುವ ಗಂಡಸಿಗಿಂತ ತಲೆನೋವು ಇನ್ನೊಂದಿಲ್ಲ.

"ಆ ಹುಡುಗ ಯಾಕ ಹಾಲುಕ್ಕಿಸಿದ್ದಕ್ಕೂ ನಿಲ್ಲಲಿಲ್ಲ?" ಎಂದು ಅಮ್ಮ ಹತ್ತನೇ ಸಲ ಕೇಳಿದಳು. ಗುಂಡವ್ವ ಹೊಸ ಮನೆಯಲ್ಲಿ ಎಲ್ಲಿಯೂ ಮಲಗದೆ, ಅವನ ಪೆಟ್ಟಿಗೆಯಲ್ಲೇ ಮಲಗುತ್ತಿತ್ತು. ಅದನ್ನು ನೋಡಿದರೂ ಪ್ರಾಜಕ್ತಾಗೆ ಸಿಟ್ಟು. ಪೆಟ್ಟಿಗೆಯ ಅಂಚನ್ನು ಸವರಿದಳು. ಉಗುರು ಸಿಕ್ಕಿಕೊಳ್ಳಬಾರದೆಂದು ಒಳಗಿನ ಮೂಲೆಗಳನ್ನೂ ಉಜ್ಜಿ ನುಣುಪು ಮಾಡಿದ್ದ.

ಗುಂಡವ್ವ ಕಳೆದುಹೋಗಿದ್ದ ಆ ಮೂರು ದಿನ ಅವನ ಪ್ಯಾಂಟಿನ ತುಂಬ ಹಳಿಯ ಬದಿಯ ಮುಳ್ಳುಬೀಜ ಅಂಟಿರುತ್ತಿದ್ದದ್ದು ನೆನಪಾಯಿತು. ಫ್ಯಾಕ್ಟರಿಯಲ್ಲಿ ಎಲ್ಲೋ ಅಂಟಿರಬೇಕು ಎಂದುಕೊಂಡಿದ್ದಳು. ಇವನು ಬಾಯಿ ಬಿಡದಿದ್ದರೆ ಅವಳಿಗೆ ಈ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ಅವಳನ್ನು ಕಳೆದುಕೊಳ್ಳುತ್ತೇನೆಂದು ಗೊತ್ತಿದ್ದೂ ಬಾಯಿ ಬಿಟ್ಟಿದ್ದ. ಸಿಟ್ಟು ಇಳಿದಿರಲಿಲ್ಲ. ಆದರೆ ಅವನಿಲ್ಲದೆ ಆ ಸಿಟ್ಟನ್ನು ಯಾರ ಮೇಲೆ ತೀರಿಸುವುದು?

ಶುಕ್ರವಾರ ಬೆಳಗ್ಗೆ ಹಾಲಿನವನು ಬಂದನೆಂದು ಬಾಗಿಲು ತೆಗೆದಳು. ಹಾಲಿನ ಪ್ಯಾಕೆಟ್ಟುಗಳ ಪಕ್ಕ, ಮೇಲಿನ ಮೆಟ್ಟಿಲ ಮೇಲೆ ವಿನಾಯಕ ಕೂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು. ಮೊದಲ ಬಸ್ಸಿಗೇ ಬಂದು, ಬೆಲ್ ಒತ್ತಲು ಧೈರ್ಯ ಸಾಲದೆ ಕೂತವನ ಹಾಗಿದ್ದ. ಅವಳನ್ನು ಕಂಡು ಎದ್ದು ನಿಂತ.

ಪ್ರಾಜಕ್ತಾ ನಾಲ್ಕು ದಿನದಿಂದ ಬೈಗುಳ ಜೋಡಿಸಿಟ್ಟಿದ್ದಳು. ಒಂದೂ ಬಾಯಿಗೆ ಬರಲಿಲ್ಲ. ಗುಂಡವ್ವ ಖೋಲಿಯಲ್ಲಿ ಭದ್ರವಾಗಿದೆಯೇ ಎಂದು ಒಮ್ಮೆ ಹಿಂದಿರುಗಿ ನೋಡಿ, ಬಾಗಿಲನ್ನು ಪೂರ್ತಿ ತೆರೆದಳು.

"ಬಂದಿ?" ಎಂದಳು. "ಬಾ, ಹಾಲು ಕುಡಿ."