ಇಬ್ಬರು ಹೊಲಿದ ಕೌದಿ

"ಕರಕೊಂಡು ಹೋಗಿಬಿಡ್ರಿ ಅಣ್ಣಾರ. ಇಲ್ಲೇನೈತಿ?"

ಗಂಡ ಕಾಶಪ್ಪ ಹಾಗಂದದ್ದು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶರಣವ್ವನಿಗೆ ಕೇಳಿಸಿತು. ಕೇಳಿಸದೆ ಇರಲು ಆ ಖೋಲಿಯಾದರೂ ಎಷ್ಟು ದೊಡ್ಡದು? ಘಾಟ್ಕೋಪರದ ಚಾಳಿನಲ್ಲಿ ಅವರಿದ್ದದ್ದು ಒಂದೇ ಖೋಲಿ. ಒಲೆ, ಮೋರಿ, ಟ್ರಂಕು, ಅತ್ತೆಯ ಹಾಸಿಗೆ ಎಲ್ಲಾ ಅದರೊಳಗೇ. ಅವಳ ಅಂಗೈ ಹಿಟ್ಟಿನ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಬಡಿಯತೊಡಗಿತು.

ಎದುರಿಗೆ ಚಹಾದ ಬಟ್ಟಲು ಹಿಡಿದು ಕೂತವನು ಅವಳ ಅಣ್ಣ ಸಿದ್ದರಾಮಪ್ಪ. ಗುಳೇದಗುಡ್ಡದ ಖಣದ ವ್ಯಾಪಾರಿ. ಮುಂಬಯಿ ಪೇಟೆಗೆ ಮಾಲು ತಂದವನು ತಂಗಿಯನ್ನು ನೋಡಿ ಹೋಗಲು ಬಂದಿದ್ದ. ಅವಳ ಬಾಡಿದ ಮುಖ ನೋಡಿದವನು, "ಮಿಲ್ಲಿನ ಕೆಲಸ ಸುದ್ದ ಆಗೂತನಕ ಶರಣವ್ವ, ಕೂಸು, ನಿಮ್ಮವ್ವ ಮೂರೂ ಮಂದಿ ನಮ್ಮ ಮನ್ಯಾಗ ಇರಲಿ" ಎಂದಿದ್ದ. ಅವನ ಮಾತು ಮುಗಿಯುವ ಮೊದಲೇ ಕಾಶಪ್ಪ ಒಪ್ಪಿಬಿಟ್ಟಿದ್ದ.

ಅವಳಿಗೆ ಚುಚ್ಚಿದ್ದು ಅದೇ. ಒಪ್ಪಿದ್ದಲ್ಲ, ಅಷ್ಟು ಬೇಗ ಒಪ್ಪಿದ್ದು.

"ಹಂಗಾರ ರವಿವಾರ ಬರತೀನಿ. ತಯಾರಾಗಿರು ತಂಗಿ," ಎಂದು ಅಣ್ಣ ಎದ್ದ. ಶರಣವ್ವ ಸೆರಗಿನಿಂದ ಹಣೆ ಒರೆಸಿಕೊಂಡು ತಲೆ ಆಡಿಸಿದಳು. ಗಂಡನ ಕಡೆ ನೋಡಲಿಲ್ಲ. ಅವನೂ ನೋಡಲಿಲ್ಲ.

ಹೀಗೆ ನೋಡದೆ ಬದುಕುವುದನ್ನು ಅವರು ಕಲಿತು ಬಹಳ ದಿನವಾಗಿತ್ತು.

ಮೊದಲು ಹೀಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಲೋಕಲ್ ರೈಲು ಹತ್ತಿದರೆ ಕಾಶಪ್ಪ ಅವಳ ತಲೆಯ ಮೇಲಿನ ಕೈಹಿಡಿ ಹಿಡಿದು, ಯಾರ ಮೈಯೂ ಅವಳಿಗೆ ತಾಗದ ಹಾಗೆ ಬಿಲ್ಲಿನಂತೆ ಬಾಗಿ ನಿಲ್ಲುತ್ತಿದ್ದ. ಗಾಡಿ ಜೋಲಿ ಹೊಡೆದಾಗಷ್ಟೇ ಅವನ ಅಂಗಿ ಅವಳ ಹಣೆಗೆ ತಾಗುತ್ತಿತ್ತು. ಒಮ್ಮೆ ಅವಳ ಕುಂಕುಮ ಅಂಗಿಗೆ ಹತ್ತಿ, ಮಿಲ್ಲಿನ ಗೆಳೆಯರು ದಿನವಿಡೀ ನಕ್ಕರಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅವನೇ ನಾಚಿ ಕೆಂಪಾಗಿದ್ದ.

ಆಮೇಲೆ ಐವತ್ತನೆಯ ಇಸವಿಯ ದೊಡ್ಡ ಮುಷ್ಕರ ಬಂತು. ಮುಷ್ಕರ ಮುಗಿದು ಗೇಟು ತೆರೆದಾಗ ಅವನು ದುಡಿಯುತ್ತಿದ್ದ ಸಾಲಿನ ಹಳೇ ಮಗ್ಗಗಳನ್ನೇ ಕಿತ್ತುಹಾಕಿದ್ದರು. ಕಾಯಂ ಕೆಲಸದವನು ಬದಲಿಯಾದ. ಅಂದರೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಪರೇಲಿಗೆ ಹೋಗಿ ಗೇಟಿನ ಮುಂದೆ ನಿಲ್ಲಬೇಕು. ಯಾರಾದರೂ ರಜೆ ಹಾಕಿದ್ದರೆ ಕರೆಯುತ್ತಾರೆ, ಇಲ್ಲವಾದರೆ ವಾಪಸು. ಹೆಚ್ಚಿನ ದಿನ ವಾಪಸೇ. ಕಟ್ಟಿದ ಗಂಟು ಕಟ್ಟಿದ ಹಾಗೇ ತಂದು ಒಲೆಯ ಪಕ್ಕ ಇಡುವಾಗ ಅವನು ಗೋಡೆ ನೋಡುತ್ತಿದ್ದ.

ಶರಣವ್ವ ಕೌದಿ ಹಿಡಿದದ್ದು ಆಗ. ತಾಯಿಯಿಂದ ಬಂದ ಕೆಲಸ ಅದು: ಹಳೇ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಸುತ್ತು ಸುತ್ತಾಗಿ ಹೊಲಿಯುತ್ತಾ ನಡುವಿಗೆ ಬರುವುದು. ಪಕ್ಕದ ಖೋಲಿಯ ಬಾಣಂತಿಗೆಂದು ಹೊಲಿದ ಒಂದು ಕೌದಿ ಹೇಗೋ ಮಾಟುಂಗಾದ ಅಮ್ಮಣ್ಣಿಯವರ ಕಣ್ಣಿಗೆ ಬಿತ್ತು. ಮೈಸೂರು ಕಡೆಯವರು, ಗಂಡನಿಗೆ ಸರ್ಕಾರಿ ಕೆಲಸ. ತಾವೂ ಮಾಡಿಸಿಕೊಂಡರು, ನಾಲ್ಕು ಮನೆಗೂ ಹೇಳಿದರು. ಈಗ ಹೆರಿಗೆಗೆ ಬಂದ ಮಗಳಿಗೆ ಇನ್ನೊಂದು ಬೇಕು ಅಂದಿದ್ದರು.

ಮೊದಲ ಸಲ ಹಳೇ ಸೀರೆಗಳ ಗಂಟು ಹೊತ್ತು ಮನೆಗೆ ಬಂದ ದಿನ ಕಾಶಪ್ಪ, "ಮಂದಿ ಮನಿ ಚಿಂದಿ ಹೊತಗೊಂಡು ಬರೂ ಕಾಲ ಬಂತಲ್ಲ," ಎಂದಿದ್ದ. ಅಂದದ್ದು ಒಂದೇ ಸಲ. ಅವಳಿಗೆ ಸಾಕಾಗಿತ್ತು. ಅಂದಿನಿಂದ ಅವನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸಿದರೆ ಸಾಕು, ಕೌದಿ ಮಡಿಸಿ ಟ್ರಂಕಿನ ಹಿಂದೆ ಸೇರಿಸಿಬಿಡುತ್ತಿದ್ದಳು.

ಹೊಲಿಯಲು ಹೊತ್ತಾದರೂ ಎಲ್ಲಿತ್ತು? ನಸುಕಿನಲ್ಲಿ ನಲ್ಲಿ ನೀರು. ಆಮೇಲೆ ಅತ್ತೆ ಬಸಲಿಂಗವ್ವನ ಮೊಣಕಾಲಿಗೆ ಎಣ್ಣೆ. ಮಗಳು ದಾನಿಯ ಜಡೆ, ಸಾಲೆ. ರೇಶನ್ ಅಂಗಡಿಯ ಪಾಳಿ. ಇವುಗಳ ಸಂದಿಯಲ್ಲಿ ಸಿಕ್ಕಷ್ಟು ಹೊತ್ತು ಸೂಜಿ. ಕೆಲವೊಮ್ಮೆ ಕೂತಲ್ಲೇ ಕಣ್ಣು ಮುಚ್ಚಿ, ಸೂಜಿ ಬೆರಳಿಗೆ ಚುಚ್ಚಿದಾಗ ಎಚ್ಚರವಾಗುತ್ತಿತ್ತು.

ಅಣ್ಣ ಬಂದುಹೋದ ಮರುದಿನವೇ ದಾನಿಗೆ ಜ್ವರ ಬಂತು. ಮಗುವನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಗೆ ಓಡಾಡಿದ್ದೇ ಆಯಿತು, ಕೌದಿ ಟ್ರಂಕಿನ ಹಿಂದೆಯೇ ಉಳಿಯಿತು. ಊರಿಗೆ ಹೋಗುವ ಮೊದಲು ಅಮ್ಮಣ್ಣಿಯವರಿಗೆ ಅದನ್ನು ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಮಾಟುಂಗಾದ ಮನೆಗಳೆಲ್ಲ ಕೈಬಿಟ್ಟ ಹಾಗೆ. ಆತಂಕದಲ್ಲೇ ಕೌದಿ ತೆಗೆದು ಬಿಡಿಸಿದವಳು ಹುಬ್ಬು ಗಂಟಿಕ್ಕಿದಳು. ತಾನು ಬಿಟ್ಟದ್ದಕ್ಕಿಂತ ಒಂದು ಸುತ್ತು ಮುಂದಕ್ಕೆ ಹೋಗಿತ್ತು.

ದಣಿವಿಗೆ ನೆನಪೂ ಕೈಕೊಡುತ್ತಿದೆ ಅಂದುಕೊಂಡಳು. ಮರುದಿನ ನೋಡಿದರೆ ಇನ್ನೂ ಒಂದು ಸುತ್ತು.

"ಅತ್ತಿ, ನೀವೇನರ ಹೊಲದ್ರೇನು?"

"ನನ್ನ ಕಣ್ಣಿಗೆ ಸೂಜಿ ಎಲ್ಲಿ ಕಾಣಬೇಕವಾ," ಎಂದು ಬಸಲಿಂಗವ್ವ ಗೋಡೆಯ ಕಡೆ ಹೊರಳಿದಳು.

ಶುಕ್ರವಾರ ಮಧ್ಯಾಹ್ನ ರೇಶನ್ ಅಂಗಡಿಯವನು ಗೋದಿ ಮುಗಿಯಿತೆಂದು ಬಾಗಿಲು ಎಳೆದುಬಿಟ್ಟ. ಬಿಸಿಲಲ್ಲಿ ನಿಂತವರೆಲ್ಲ ಗೊಣಗುತ್ತಾ ಚದುರಿದರು. ಬರಿಗೈಲಿ, ಬೇಗನೆ ಮನೆಗೆ ಬಂದ ಶರಣವ್ವ ಬಾಗಿಲು ತಳ್ಳಿದಳು.

ಕಿಟಕಿಯ ಬೆಳಕಿನಲ್ಲಿ ಕಾಶಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದ. ತೊಡೆಯ ಮೇಲೆ ಕೌದಿ. ಮೂಗಿನ ತುದಿಗೆ ಬೆವರು, ಹಲ್ಲುಗಳ ನಡುವೆ ನಾಲಿಗೆಯ ತುದಿ. ಜ್ವರ ಇಳಿದ ದಾನಿ ಮಗ್ಗುಲಲ್ಲಿ ನಿದ್ದೆಹೋಗಿದ್ದಳು. ಬಾಗಿಲಿಗೆ ಕಾವಲು ಕೂತಿದ್ದ ಬಸಲಿಂಗವ್ವ ಕೂತಲ್ಲೇ ತೂಕಡಿಸುತ್ತಿದ್ದಳು.

ಅವನು ತಲೆ ಎತ್ತಿದ. ಎಷ್ಟೋ ದಿನದ ಮೇಲೆ ಕಣ್ಣಿಗೆ ಕಣ್ಣು ಸಿಕ್ಕಿತು. ಕದ್ದು ಸಿಕ್ಕಿಬಿದ್ದವನ ಕಣ್ಣು ಅವನದು, ಆದರೂ ಪಕ್ಕಕ್ಕೆ ಸರಿಯಲಿಲ್ಲ.

"ಗೋದಿ ಸಿಕ್ಕತೇನು?" ಎಂದ.

"ಇಲ್ಲ. ಮುಗದೈತಂತ."

"ಹ್ಞೂಂ."

ಅವಳು ಚೀಲ ಕೆಳಗಿಟ್ಟು, ಬಂದು ಕೂತು, ಕೌದಿಯ ಅಂಚು ಎತ್ತಿ ನೋಡಿದಳು. ಹೊಲಿಗೆ ಸಣ್ಣಗೆ, ನೇರಕ್ಕೆ ಸಾಲು ಹಿಡಿದಿತ್ತು. ಮಗ್ಗದ ಎಳೆಗಳ ಜೊತೆ ಬೆಳೆದ ಕೈ. ಹಾಗೆಂದು ಬಾಯಿಬಿಟ್ಟು ಹೇಳಲು ಮನಸ್ಸಾಗಲಿಲ್ಲ.

"ಇಲ್ಲಿ ಸೊಟ್ಟ ಆಗೈತಿ."

"ಎಲ್ಲಿ?"

"ಇಲ್ಲಿ ನೋಡ್ರಿ."

ಅವನು ಬಗ್ಗಿ ನೋಡಿ, ಮೆಲ್ಲಗೆ, "ಅದು ನಿಂದು," ಎಂದ.

ಹೌದು, ಅವಳದೇ. ಕೂತಲ್ಲೇ ಕಣ್ಣು ಮುಚ್ಚಿದ ದಿನದ್ದು. ಶರಣವ್ವನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದು ನಕ್ಕಳು. ನಗುತ್ತಿದ್ದ ಹಾಗೇ ಕಣ್ಣು ತುಂಬಿ ಬಂತು.

"ಚಿಂದಿ ಅಂದವರು ನೀವ," ಎಂದಳು.

ಕಾಶಪ್ಪ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. "ಅಂದೆ. ಆದರ ನಿನಗ ಅಂದದ್ದಲ್ಲ ಅದು. ಕಟ್ಟಿದ ಬುತ್ತಿ ಕಟ್ಟಿದಂಗ ತಂದು ಇಡೂ ಗಂಡಸ ಒಬ್ಬ ಈ ಮನ್ಯಾಗ ಅದಾನಲ್ಲ, ಅವನಿಗೆ ಅಂದದ್ದು."

"ಮತ್ತ ನನ್ನ ಊರಿಗೆ ಕಳಸಾಕ ಅಷ್ಟ ಅವಸರ ಯಾಕ?"

ಅವನು ಕೌದಿಯ ಮಡಿಕೆ ಸರಿಮಾಡಿದ. ಕೆಳಗೆ ಅಂಗಳದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು.

"ನಿಮ್ಮಣ್ಣ ಬಂದ ದಿನ ಮುಂಜಾನೆ ನೀ ಕೊಡ ಹೊತ್ತು ಮೆಟ್ಟಲಾ ಹತ್ತತಿದ್ದಿ. ನಟ್ಟನಡುವ ನಿಂತಿ. ಗ್ವಾಡಿಗೆ ಹಣಿ ಹಚ್ಚಿ, ನಿಂತ ನಿಂತಲ್ಲೇ ನಿದ್ದಿ ಹೋದಿ. ನಾ ಕೆಳಗ ನಿಂತು ನೋಡಿದೆ ಶರಣಿ. ತವರಮನ್ಯಾಗಾರ ನಾಕ ದಿನ ಮಲಗಲಿ ಅನಿಸ್ತು."

"ಬಂದು ಕೊಡ ಯಾಕ ಇಸಗೊಳ್ಳಲಿಲ್ಲ?"

"ನನ್ನ ಕಂಡ್ರ ಎಲ್ಲಾ ಮುಚ್ಚಿಡತಿದ್ದಿ. ಕೊಡಾನೂ ಕೊಡಂಗಿಲ್ಲ ಅಂದ್ಕೊಂಡೆ."

ಶರಣಿ ಎಂದು ಅವನು ಕರೆದು ಎಷ್ಟು ಕಾಲವಾಗಿತ್ತೋ. ಅವಳು ಕೌದಿಯ ಮೇಲೊಂದು ಹಳದಿ ತುಂಡನ್ನು ಸವರುತ್ತಾ ಕೂತಳು.

"ಅಲ್ಲಿ ಹೋದ್ರ ನನಗ ನಿದ್ದಿ ಬರತೈತೇನು?" ಎಂದಳು ಕಡೆಗೆ. "ನೀವಿಲ್ಲಿ ಒಬ್ಬರ ಕುಂತು ಉಂಡ್ರೋ ಇಲ್ಲೋ ಅಂತ ಅಲ್ಲಿ ಮಲಗಿ ಲೆಕ್ಕ ಹಾಕಲೇನು? ನನ್ನ ಒಂದ ಮಾತ ಕೇಳಬೇಕಿತ್ತು."

"ಈಗ ಕೇಳತೀನಿ. ಹೋಗತೀಯೇನು?"

ಅವಳು ಇನ್ನೊಂದು ಸೂಜಿ ತೆಗೆದು ಕೌದಿಯ ಆ ಕಡೆಯ ತುದಿಗೆ ಹೋಗಿ ಕೂತಳು.

"ಮಾತ ಸಾಕು, ಹೊತ್ತ ಮುಳಗೂದ್ರಾಗ ಹೊಲಕೋರಿ," ಎಂದಳು ಬಸಲಿಂಗವ್ವ, ಕಣ್ಣು ತೆರೆಯದೆ.

ಆ ಮಧ್ಯಾಹ್ನ, ಮರುದಿನ ಮಧ್ಯಾಹ್ನ ಅವರು ಹೀಗೇ ಎದುರು ಬದುರು ಕೂತು ಹೊಲಿದರು. ಕೌದಿ ಇಬ್ಬರ ತೊಡೆಯ ಮೇಲೂ ಹರಡಿತ್ತು. ಒಂದೊಂದು ಸುತ್ತು ಮುಗಿದಂತೆ ಇಬ್ಬರೂ ಒಂದೊಂದು ಬೆರಳಷ್ಟು ಮುಂದಕ್ಕೆ ಜರುಗಬೇಕಾಗುತ್ತಿತ್ತು. ದಾನಿಗೆ ಗಂಜಿ ಕುಡಿಸಲು, ಅತ್ತೆಗೆ ನೀರು ಕೊಡಲು ಎದ್ದದ್ದು ಹೆಚ್ಚಾಗಿ ಕಾಶಪ್ಪನೇ.

"ದಾರ ಭಾಳ ಉದ್ದ ತಗೋಬ್ಯಾಡ್ರಿ, ಗಂಟ ಬೀಳತೈತಿ."

"ನೀ ನನ್ನ ಕಡೆ ನೋಡೂದ ಬಿಡು. ಅದಕ್ಕ ಬೀಳತೈತಿ ಗಂಟ."

"ಯಾರ ನೋಡ್ಯಾರ?"

"ಮತ್ತ ಉದ್ದ ಐತಿ ಅಂತ ಹೆಂಗ ಗೊತ್ತಾತು?"

ಅವಳು ತಲೆ ತಗ್ಗಿಸಿದಳು. ಬೈತಲೆಯ ತನಕ ಬಿಸಿಯೇರಿತು. ಬಟ್ಟೆಯ ಕೆಳಗೆ ಅವನ ಮೊಣಕಾಲು ಅವಳ ಮೊಣಕಾಲಿಗೆ ತಾಗಿತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ಹೊಲಿಯುತ್ತಲೇ ಇದ್ದರು. ದಣಿವು ಎಲ್ಲೂ ಹೋಗಿರಲಿಲ್ಲ, ಭುಜದಲ್ಲೇ ಇತ್ತು. ಆದರೆ ಅದನ್ನು ಈಗ ಇಬ್ಬರು ಹೊತ್ತಿದ್ದರು.

ರವಿವಾರ ಬೆಳಿಗ್ಗೆ ಉಳಿದದ್ದು ನಡುವಿನ ಒಂದು ಅಂಗೈಯಗಲ. ಖೋಲಿಯೊಳಗೆ ಕತ್ತಲು ಎಂದು ಕಾಶಪ್ಪ ಕೌದಿ ಎತ್ತಿಕೊಂಡು ಗ್ಯಾಲರಿಗೆ ಹೊರಟ. ಶರಣವ್ವ ಬೆದರಿದಳು. ರಜೆಯ ದಿನ, ಚಾಳಿನ ಗಂಡಸರೆಲ್ಲ ಕಟಕಟೆಗೆ ಆತು ನಿಂತಿರುತ್ತಾರೆ.

"ಒಳಗ ಕುಂದ್ರೂಣು. ಮಂದಿ ನೋಡತಾರ."

"ನೋಡಲಿ."

ಅವನು ಚಾಪೆ ಹಾಸಿ, ಎಲ್ಲರೂ ಓಡಾಡುವ ದಾರಿಯಲ್ಲೇ ಕೂತು ಸೂಜಿ ಹಿಡಿದ. ಅವಳೂ ಸೆರಗನ್ನು ಮುಂದಕ್ಕೆ ಎಳೆದುಕೊಂಡು ಬಂದು ಎದುರಿಗೆ ಕೂತಳು. ಅದೇ ಮಿಲ್ಲಿನ ಶೆಟ್ಟೆಪ್ಪ ಬೀಡಿ ಸೇದುತ್ತಾ ಬಂದವನು ನಿಂತುಬಿಟ್ಟ.

"ಏನ ಕಾಶಪ್ಪ, ಬಳಿ ಯಾವಾಗ ಇಡಸ್ಕೋತಿ?"

ನಾಲ್ಕು ಜನ ನಕ್ಕರು. ಕಾಶಪ್ಪನ ಕಿವಿ ಕೆಂಪಾದದ್ದು ಶರಣವ್ವನಿಗೆ ಕಂಡಿತು. ಅವನ ಕೈ ಮಾತ್ರ ನಿಲ್ಲಲಿಲ್ಲ. "ಇವತ್ತ ಸೂಜಿ ಹಿಡದೀನಿ. ಬಳಿ ಮುಂದ ನೋಡೂಣು," ಎಂದ. ಶೆಟ್ಟೆಪ್ಪ ಇನ್ನೇನೋ ಅನ್ನಲು ಹೋಗಿ, ಬೀಡಿ ಎಸೆದು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹೊಲಿಗೆ ನೋಡತೊಡಗಿದ.

ಸಿದ್ದರಾಮಪ್ಪ ಮೆಟ್ಟಿಲು ಹತ್ತಿ ಬಂದದ್ದು ಆಗಲೇ. ತಂಗಿ, ಭಾವ ಇಬ್ಬರೂ ದಾರಿಗೆ ಅಡ್ಡ ಕೂತು ಹೊಲಿಯುವುದನ್ನು ಕಂಡು ಅವನು ಕೊನೆಯ ಮೆಟ್ಟಿಲಲ್ಲೇ ನಿಂತ.

"ಗಂಟು ಮೂಟಿ ಎಲ್ಲವಾ?" ಎಂದ ಆಮೇಲೆ.

"ನಾ ಬರಂಗಿಲ್ಲ ಅಣ್ಣಾ."

"ಹಿಂಗ ಎಷ್ಟ ದಿನ ಮೈ ತೇಯತಿ?"

"ಗೊತ್ತಿಲ್ಲ," ಎಂದಳು. ಸುಳ್ಳು ಧೈರ್ಯ ಹೇಳಲು ಅವಳಿಗೆ ತ್ರಾಣವೂ ಇರಲಿಲ್ಲ. "ಕಷ್ಟ ಐತಿ. ಇಲ್ಲ ಅನ್ನಂಗಿಲ್ಲ. ಆದರ ಇವರನ್ನ ಬಿಟ್ಟು ಬಂದ್ರ ಅದು ಕಮ್ಮಿ ಆಗಂಗಿಲ್ಲ ಅಣ್ಣಾ, ಇನ್ನೊಂದು ಹೊಸದು ಆಗತೈತಿ."

ಕಾಶಪ್ಪ ತಲೆ ಎತ್ತಲಿಲ್ಲ. ಅವನ ಸೂಜಿ ಮಾತ್ರ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತ್ತು.

ಸಿದ್ದರಾಮಪ್ಪನಿಗೆ ಸಿಟ್ಟು ಬಂತು, ಬೇಸರವೂ ಆಯಿತು. ಚಹಾ ಕುಡಿಯದೆ ಹೊರಟವನನ್ನು ಬಸಲಿಂಗವ್ವ ಒಳಗಿನಿಂದಲೇ ಗದರಿ ಕೂರಿಸಿ ಕುಡಿಸಿದಳು. ಹೋಗುವಾಗ ಅವನು ದಾನಿಯ ತಲೆ ಸವರಿ, ಭಾವನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟು, ಇಳಿದುಹೋದ.

ಅವನು ಹೋದ ಮೇಲೆ ಇಬ್ಬರೂ ನಡುವಿನ ಕೊನೆಯ ಸುತ್ತು ಹೊಲಿದರು. ಎರಡು ಸೂಜಿಗೆ ಅಲ್ಲಿ ಜಾಗವಿರಲಿಲ್ಲ, ಬೆರಳಿಗೆ ಬೆರಳು ತಾಗುತ್ತಿತ್ತು. ಕಾಶಪ್ಪ ತನ್ನ ಸೂಜಿ ತೆಗೆದುಕೊಂಡು, "ನೀ ಮುಗಸು," ಎಂದ. ಅವಳು ದಾರ ಕಡಿಯುವವರೆಗೂ ಅವಳ ಮುಖವನ್ನೇ ನೋಡುತ್ತಾ ಕೂತ, ಅಷ್ಟು ಜನರ ಎದುರಿಗೆ.

ಸೋಮವಾರವೂ ಗೇಟಿನಲ್ಲಿ ಅವನನ್ನು ಕರೆಯಲಿಲ್ಲ. ವಾಪಸು ಬಂದವನು ಗಂಟು ಇಟ್ಟು, ಈ ಸಲ ಅವಳನ್ನೇ ನೋಡಿ, "ಕರೀಲಿಲ್ಲ," ಎಂದ. ಇಬ್ಬರೂ ಆ ಬುತ್ತಿ ಬಿಚ್ಚಿ ಹಂಚಿಕೊಂಡು ಉಂಡರು. ದಾನಿಯನ್ನು ತಾನು ನೋಡಿಕೊಳ್ಳುತ್ತೇನೆ ಅಂದಳು ಅತ್ತೆ. ಕೌದಿ ಹೆಗಲಿಗೆ ಹಾಕಿಕೊಂಡು ಕಾಶಪ್ಪ ಮುಂದೆ, ಶರಣವ್ವ ಹಿಂದೆ, ಮಾಟುಂಗಾಕ್ಕೆ ಹೊರಟರು.

ಮಧ್ಯಾಹ್ನದ ಲೋಕಲ್ ಖಾಲಿಯಿತ್ತು. ಇಬ್ಬರಿಗೂ ಒಂದೇ ಬಾಕಿನ ಮೇಲೆ ಜಾಗ ಸಿಕ್ಕಿತು. ಕುರ್ಲಾ ದಾಟುವಾಗ ಅವಳು ಅಮ್ಮಣ್ಣಿಯವರ ಬಗ್ಗೆ ಏನೋ ಹೇಳುತ್ತಿದ್ದಳು. ಮಾತು ಅರ್ಧಕ್ಕೆ ನಿಂತಿತು. ನೋಡಿದರೆ ಕತ್ತು ಅವನ ಭುಜಕ್ಕೆ ವಾಲಿತ್ತು. ಬಾಯಿ ತುಸು ತೆರೆದಿತ್ತು. ತುದಿಬೆರಳುಗಳ ತುಂಬ ಸೂಜಿಯ ಕಪ್ಪು ಚುಕ್ಕೆಗಳು.

ಕಾಶಪ್ಪ ಭುಜವನ್ನು ಕೊಂಚ ತಗ್ಗಿಸಿ ಕೊಟ್ಟ.

ಸಾಯನ್ ಬಂತು. ಆಮೇಲೆ ಮಾಟುಂಗಾ. ಗಾಡಿ ನಿಂತಿತು, ಕೆಲವರು ಇಳಿದರು, ಕೆಲವರು ಹತ್ತಿದರು. ಅವರ ಟಿಕೀಟು ಇದ್ದದ್ದು ಅಲ್ಲಿಯ ತನಕ ಮಾತ್ರ. ಅವಳನ್ನು ಎಬ್ಬಿಸಲು ಕೈ ಎತ್ತಿದವನು ಆ ಕೈಯಿಂದ, ಗಾಳಿಗೆ ಅವಳ ಕಣ್ಣಿನ ಮೇಲೆ ಬಿದ್ದಿದ್ದ ಕೂದಲನ್ನು ಸರಿಸಿದ. ಗಾಡಿ ಹೊರಟಿತು.

ದಾದರ್ ಹೋಯಿತು. ಪರೇಲಿನ ಮಿಲ್ಲುಗಳ ಚಿಮಣಿಗಳು ಹೊಗೆಯುಗುಳುತ್ತಾ ಹಿಂದೆ ಸರಿದವು. ಎದುರಿನ ಬಾಕಿನಲ್ಲಿ ಕೂತಿದ್ದ ಮರಾಠಿ ಮುದುಕಿ ಅವರಿಬ್ಬರನ್ನೂ ಒಮ್ಮೆ ನೋಡಿ, ದನಿ ತಗ್ಗಿಸಿ, ಎಲ್ಲಿ ಇಳಿಯಬೇಕಪ್ಪಾ ನೀವು ಎಂದು ಕೇಳಿದಳು.

"ಇನ್ನೂ ಮುಂದ," ಎಂದ ಕಾಶಪ್ಪ, ಮುದುಕಿಗೆ ಕನ್ನಡ ಬರುವುದಿಲ್ಲ ಎಂಬುದನ್ನೇ ಮರೆತು.