ಟೋಪಿಯ ಮೇಲಿನ ಕಹಳೆ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಹೊಲಿಗೆಯಂಗಡಿಯವರು. ಹೆಡ್ ಕಾನ್‌ಸ್ಟೇಬಲ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿ ಒಂದು ಹಿತ್ತಾಳೆ ಬ್ಯಾಡ್ಜನ್ನು ಇನ್‌ಸ್ಪೆಕ್ಟರ್ ಮುಂದಿಟ್ಟರು. ಸುತ್ತ ಎಲೆಗಳ ಬಳ್ಳಿ, ನಡುವೆ ಕಹಳೆ.

"ಇದು ನಮ್ಮದಲ್ಲ ಮೇಡಂ. ನಮ್ಮದನ್ನ ಇಟ್ಕೊಂಡು ಇದನ್ನ ಕೊಟ್ಟಿದಾರೆ."

"ಯಾರು?"

"ಬಿಲ್ಲೆ ಮೇಷ್ಟ್ರು."

ಹಳೆಯ ಸೈನಿಕ ಬ್ಯಾಡ್ಜುಗಳನ್ನು ಸಂಗ್ರಹಿಸುವ ನಿವೃತ್ತ ಶಿಕ್ಷಕರಿಗೆ ಊರು ಇಟ್ಟ ಹೆಸರು ಅದು. ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ಅವರ ಪ್ರದರ್ಶನವಿತ್ತು. ಈಕೆಯ ತಂದೆ ಅಲ್ಲಿಗೆ ತಮ್ಮ ತಂದೆಯ ಟೋಪಿಯ ಬ್ಯಾಡ್ಜನ್ನು ಒಯ್ದಿದ್ದರು. ಯುದ್ಧಕ್ಕೆ ಹೋದ ಆ ಸೈನಿಕ ಮರಳಿರಲಿಲ್ಲ. ಟೋಪಿ ಮಾತ್ರ ಮನೆಗೆ ಬಂದಿತ್ತು. ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿ, ಮೈಕಿನಲ್ಲೇ ನಕಲಿ ಎಂದುಬಿಟ್ಟರು. "ಹಾಗಾದ್ರೆ ಆ ಸಿಪಾಯಿಯೂ ಕಟ್ಟುಕತೆಯೇನೋ" ಎಂದು ಹಿಂದಿನ ಸಾಲಿನವರು ನಕ್ಕರು.

"ನಿನ್ನೆಯಿಂದ ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದಾರೆ. ನೀರು ಕೊಟ್ರೂ ಬೇಡ ಅಂತಾರೆ."

ಕಳವು ಮತ್ತು ವಂಚನೆಯ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಮೇಷ್ಟ್ರ ಹೆಸರು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮೇಷ್ಟ್ರ ಮನೆಗೆ ಹೋದರು. ಗೋಡೆಯುದ್ದಕ್ಕೂ ಬಟ್ಟೆ ಹಾಸಿದ ಚಪ್ಪಟೆ ಸೆಳೆಖಾನೆಗಳು. ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟು ಎದ್ದು ನಿಂತರು.

"ಬದಲಾಯಿಸಿದ್ರಾ?"

"ಇಲ್ಲ. ಕದಿಯೋನು ನಕಲಿ ಅಂತ ಮೈಕಲ್ಲಿ ಹೇಳ್ತಾನಾ ಮೇಡಂ? ಅಸಲಿ ಅಂತ ಹೊಗಳಿ, ನಕಲಿನ ಕೈಗಿಟ್ಟು ಕಳಿಸ್ತಾನೆ."

"ನಕಲಿ ಅಂತ ಹೇಗೆ ಗೊತ್ತಾಯ್ತು?"

ಮೇಷ್ಟ್ರು ಅದೇ ಪಡೆಯ ತಮ್ಮದೊಂದು ಬ್ಯಾಡ್ಜನ್ನು ಪಕ್ಕದಲ್ಲಿಟ್ಟು ಎರಡನ್ನೂ ಬೋರಲು ಹಾಕಿದರು. ಅಸಲಿಯನ್ನು ತಗಡಿನ ಮೇಲೆ ಅಚ್ಚೊತ್ತಿ ಮಾಡಿರುತ್ತಾರೆ. ಮುಂದೆ ಉಬ್ಬಿದ್ದೆಲ್ಲ ಹಿಂದೆ ತಗ್ಗಾಗಿ ಕಾಣುತ್ತದೆ. ದೂರಿನ ಬ್ಯಾಡ್ಜು ಎರಕದ್ದು. ಹಿಂಬದಿ ಸಪಾಟು, ಮೈತುಂಬ ಸೂಜಿಮೊನೆಯಂಥ ಗುಳಿಗಳು.

"ಸವೆತ ನೋಡಿ. ಉಜ್ಜಿ ಉಜ್ಜಿ ಸವೆದಿದ್ರೆ ಉಬ್ಬು ಮಾತ್ರ ನುಣುಪಾಗಬೇಕು. ಇಲ್ಲಿ ತಗ್ಗೂ ಸವೆದಿದೆ. ಸವೆದ ಅಸಲಿಯನ್ನೇ ಅಚ್ಚಿಗೆ ಒತ್ತಿ, ಆಮೇಲೆ ಆತುರದಲ್ಲಿ ಅರ ಹಾಕಿದಾರೆ. ಎರಕ ಆರುವಾಗ ಒಂಚೂರು ಕುಗ್ಗುತ್ತೆ ಕೂಡ. ಆ ಟೋಪಿ ಇನ್ನೂ ಇದೆಯಾ?"

ಇತ್ತು. ಸಂಜೆ ಹೊಲಿಗೆಯಂಗಡಿಯ ಹಿಂದಿನ ಕೋಣೆಯಲ್ಲಿ, ಅಪ್ಪ ಮಲಗಿದ್ದ ಮಂಚದ ಪಕ್ಕ, ಮೇಷ್ಟ್ರು ಮತ್ತು ನೆರೆಯ ಇಬ್ಬರು ಪಂಚರ ಸಮಕ್ಷಮ, ಮಗಳು ಟೋಪಿಯನ್ನು ಮೇಜಿನ ಮೇಲಿಟ್ಟರು. ಬಟ್ಟೆಯೆಲ್ಲ ಮಾಸಿದ್ದರೂ ಬ್ಯಾಡ್ಜು ಕೂತಿದ್ದ ಜಾಗ ಕಪ್ಪಗೇ ಉಳಿದಿತ್ತು. ಇನ್‌ಸ್ಪೆಕ್ಟರ್ ನಕಲಿಯನ್ನು ಅಲ್ಲಿಟ್ಟರು. ಸುತ್ತಲೂ ಕಪ್ಪು ಗೆರೆ ಇಣುಕಿತು. ಹಿಂದಿನ ಕೊಂಡಿಗಳೂ ಬಟ್ಟೆಯ ತೂತುಗಳಿಗೆ ಹೊಂದಲಿಲ್ಲ. ಮೇಷ್ಟ್ರ ಬ್ಯಾಡ್ಜನ್ನಿಟ್ಟಾಗ ಗೆರೆಗೆ ಗೆರೆ ಕೂಡಿತು, ಕೊಂಡಿಗಳು ತಾವಾಗಿಯೇ ಒಳಗಿಳಿದವು.

ಮೇಷ್ಟ್ರು ಮಂಚದ ಕಡೆ ತಿರುಗಿದರು. "ಯಜಮಾನ್ರೇ, ಈ ಟೋಪಿ ಮೇಲೆ ವರ್ಷಗಟ್ಟಲೆ ಇದ್ದದ್ದು ಅಸಲಿ. ನಿಮ್ಮ ತಂದೆ ಆ ಪಡೆಯವರೇ. ಜನ ನಕ್ಕಾಗ ನಾನು ಸುಮ್ನಿರಬಾರದಿತ್ತು."

ಮುದುಕರು ಮೆಲ್ಲಗೆ ಎದ್ದು ಕೂತರು. ಟೋಪಿಯನ್ನೇ ಬಹಳ ಹೊತ್ತು ನೋಡಿ, "ಮಗಳೇ, ನೀರು ಕೊಡು" ಎಂದರು. ಆಕೆ ಲೋಟ ತರಲು ಹೋದವರು ಒಳಗೇ ನಿಂತು ಕಣ್ಣೊರೆಸಿಕೊಂಡು ಬಂದರು.

ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ನಕಲಿಯನ್ನು ಕಣ್ಣ ಹತ್ತಿರ ಹಿಡಿದರು. ಕೊಂಡಿಯ ಬುಡದಲ್ಲಿ ಗುಲಾಬಿ ಬಣ್ಣದ್ದೇನೋ ಮೆತ್ತಿತ್ತು.

"ಮೇಡಂ, ಈ ಮೇಣ ನನ್ನ ಬಾಯಿಗೆ ಗುರುತು. ಹೊಸ ಹಲ್ಲಿನ ಸೆಟ್ಟು ಕಟ್ಟಿಸ್ಕೊಂಡಾಗ ಇದನ್ನೇ ಕಚ್ಚಿ ಕಚ್ಚಿ ಸಾಕಾಗಿತ್ತು."

"ನಿಮ್ಮ ಪೈಕಿ ಹಲ್ಲಿನ ಸೆಟ್ಟು ಕಟ್ಟೋರು ಯಾರಾದ್ರೂ ಇದಾರಾ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಮಗಳು ಅಪ್ಪನ ಮುಖ ನೋಡಿದರು.

"ನನ್ನ ತಮ್ಮ," ಎಂದರು ಮುದುಕರು. "ಬ್ಯಾಡ್ಜು ಮಂಕಾಗಿದೆ, ಹೊಳಪು ಕೊಡ್ತೀನಿ ಅಂತ ಹೋದ ತಿಂಗಳು ಒಯ್ದಿದ್ದ. ಎರಡು ದಿನಕ್ಕೆ ತಂದುಕೊಟ್ಟ."

ಮಾರನೆಯ ಬೆಳಿಗ್ಗೆ ಪೊಲೀಸರು ಮೇಷ್ಟ್ರನ್ನೂ ಕರೆದುಕೊಂಡು ಮುದುಕರ ತಮ್ಮನ ಕಾರ್ಯಾಗಾರಕ್ಕೆ ಹೋದರು. ಹಲಗೆಯ ಮೇಲೆ ಸಾಲು ಸಾಲು ಪ್ಲಾಸ್ಟರಿನ ದವಡೆಗಳು, ಮೂಲೆಯಲ್ಲಿ ಎರಕದ ಒಲೆ. ಹುಡುಕುವ ಕೆಲಸ ಬೀಳಲಿಲ್ಲ. ಆತ ಅಂಗಿಯ ಜೇಬಿನಿಂದ ಬ್ಯಾಡ್ಜು ತೆಗೆದು ತಾನಾಗಿಯೇ ಕೊಟ್ಟ. ಮೇಷ್ಟ್ರು ತಿರುಗಿಸಿ ನೋಡಿ ತಲೆಯಾಡಿಸಿದರು. ಅಸಲಿ. ಅವರು ನಿಟ್ಟುಸಿರು ಬಿಟ್ಟದ್ದು ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ಲಿಗೂ ಕೇಳಿಸಿತು.

"ಯಾಕೆ?" ಇನ್‌ಸ್ಪೆಕ್ಟರ್ ಕೇಳಿದರು.

"ಅಪ್ಪ ಯುದ್ಧಕ್ಕೆ ಹೋದಾಗ ನಾನಿನ್ನೂ ಅಮ್ಮನ ಹೊಟ್ಟೆಯಲ್ಲಿದ್ದೆ. ಅಣ್ಣಂಗೆ ಅಪ್ಪನ ಹೆಗಲ ಮೇಲೆ ಕೂತಿದ್ದು ನೆನಪಿದೆ. ನಂಗೇನಿದೆ?"

"ಕೇಳಬಹುದಿತ್ತಲ್ಲ."

"ಕೇಳಿದ್ರೆ ಕೊಟ್ಟೇಬಿಡ್ತಿದ್ದ. ಆಮೇಲೆ ಅವನ ಕೈ ಖಾಲಿ. ಅದಕ್ಕೇ ಇನ್ನೊಂದು ಮಾಡಿದೆ."

"ನಕಲಿನ ನೀವು ಇಟ್ಕೋಬೇಕಿತ್ತು."

"ಹಾಗೇ ಅಂದ್ಕೊಂಡಿದ್ದೆ. ಎರಡನ್ನೂ ಅಂಗೈಲಿ ಇಟ್ಕೊಂಡಾಗ ಮನಸ್ಸು ಕೇಳಲಿಲ್ಲ."

"ಭಾನುವಾರ ಜನ ನಕ್ಕಾಗ ಎಲ್ಲಿದ್ರಿ?"

"ಅಲ್ಲೇ ಇದ್ದೆ. ಹೇಳೋಕೆ ಎದ್ದು ನಿಂತೆ. ಬಾಯೇ ಬರಲಿಲ್ಲ."

ಮಹಜರು ಮುಗಿಸಿ ಆತನನ್ನು ಬಂಧಿಸಲಾಯಿತು. ಮೇಷ್ಟ್ರ ಪಾತ್ರವಿಲ್ಲವೆಂದು ಇನ್‌ಸ್ಪೆಕ್ಟರ್ ಅಂದೇ ನ್ಯಾಯಾಲಯಕ್ಕೆ ವರದಿ ಸಲ್ಲಿಸಿದರು. ಅಸಲಿ ಬ್ಯಾಡ್ಜು ಮುದ್ದೆಮಾಲಾಗಿ, ಪ್ರಕರಣದ ಸಾಕ್ಷ್ಯವಾಗಿ, ಅಲ್ಲಿನ ಕಪಾಟು ಸೇರಿತು. ಜಾಮೀನಿಗೆ ಸಹಿ ಹಾಕಲು ಬಂದವರು ಅಣ್ಣನೇ. ರಾಜಿಗೆ ಅರ್ಜಿ ಕೊಡಬಹುದೇ ಎಂದು ವಕೀಲರನ್ನು ಆಗಲೇ ವಿಚಾರಿಸಿದ್ದರು.

ನ್ಯಾಯಾಲಯದ ಮೆಟ್ಟಿಲ ಬಳಿ ಅಣ್ಣ ತಮ್ಮಂದಿರು ಕೂತಿದ್ದಾಗ ಇನ್‌ಸ್ಪೆಕ್ಟರ್ ಜೀಪಿನತ್ತ ಹೊರಟಿದ್ದರು.

"ಸೈನಿಕನ ಮಗ, ಹಲ್ಲಿನಂಗಡಿಯಲ್ಲಿ ಕಳ್ಳತನ ಮಾಡ್ತಾನೆ," ಎಂದರು ಅಣ್ಣ.

ತಮ್ಮನಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಅಪ್ಪ ಹೀಗೇ ಕಣೋ ನಗ್ತಿದ್ದದ್ದು," ಎಂದರು ಅಣ್ಣ. "ಕೈ ಅಡ್ಡ ಹಿಡ್ಕೊಂಡು. ನಾನು ಎಷ್ಟು ಸಲ ಹಾಗೆ ನಗೋಕೆ ನೋಡಿದೀನಿ, ನಂಗೆ ಬರಲ್ಲ."

ತಮ್ಮ ಕೈ ಕೆಳಗಿಳಿಸಿ, ಅದು ಯಾರದೋ ಎಂಬಂತೆ ಮಗುಚಿ ಮಗುಚಿ ನೋಡುತ್ತ ಕೂತ.